ಹನ್ನೊಂದನೆಯವನ ಬೂಟುಗಳು

ಸತ್ತವನೊಬ್ಬ ಗುರುವಾರದ ಬಸ್ಸಿಗೆ ಬರುತ್ತಾನೆ ಎಂದು ಯಾರಾದರೂ ಬಾಗಿಲಿಗೆ ಬಂದು ಹೇಳಿದರೆ ಏನು ಮಾಡಬೇಕು ಎಂಬುದು ಯಾವ ಸೂತ್ರದಲ್ಲೂ ಇಲ್ಲ. ನನ್ನ ಯಜಮಾನರು ಈ ಒಕುನೆ ಊರಿನ ಬುದ್ಧನ ಗುಡಿಗೆ ಗುರುಗಳು. ಸೂತ್ರಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿವೆ. ಅವರೇ ಅವತ್ತು, ಅಂಗಳ ಗುಡಿಸುತ್ತಿದ್ದವರು, ಕಸಬರಿಕೆಯನ್ನು ಎದೆಗೆ ಒರಗಿಸಿಕೊಂಡು ನಿಂತುಬಿಟ್ಟರು.

“ಯಾರು ಬರ್ತಾರೆ ಅಂದೆ?”

“ಹೋಬುಸು ಅನ್ನೋರು, ಗುರುಗಳೇ,” ಅಂದಳು ಚಿಜುರು. ಕೆಳಗಿನ ಪಟ್ಟಣದ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ. ಇಂಗ್ಲಿಷ್ ಕಲಿತವಳು ಎಂದು ಇಂಥವನ್ನೆಲ್ಲ ಅವಳ ತಲೆಗೇ ಕಟ್ಟುತ್ತಾರೆ. “ಅಮೆರಿಕದಿಂದ ಫೋನ್ ಬಂದಿತ್ತು. ನಮ್ಮ ಹನ್ನೊಂದು ಜಿಜೊ ವಿಗ್ರಹಗಳ ಫೋಟೊ ಅಲ್ಲಿನ ಯಾವುದೋ ಪೇಪರಿನಲ್ಲಿ ಬಂದಿದೆಯಂತೆ. ಕೊನೇ ಕಲ್ಲಿನ ಮೇಲೆ ತಮ್ಮದೇ ಹೆಸರಿದೆ ಅಂದ್ರು.”

“ಅದು ಸತ್ತವರ ಹೆಸರು ಕಣಮ್ಮ.”

“ನಾನೂ ಅದನ್ನೇ ಹೇಳ್ದೆ. ಅವರು, ‘ಇಲ್ಲ, ನಾನೇ ಮಾತಾಡ್ತಾ ಇದ್ದೀನಿ’ ಅಂದ್ರು.”

ಯಜಮಾನರು ನನ್ನ ಮುಖ ನೋಡಿದರು. ನಾನು ನನ್ನ ಪಕ್ಕ ಕೂತಿದ್ದ ಕಿನು ಅಜ್ಜಿಯ ಮುಖ ನೋಡಿದೆ. ನಾವಿಬ್ಬರೂ ಜಗಲಿಯ ಮೇಲೆ ಕೂತು ಜಿಜೊಗಳಿಗೆ ಕೆಂಪು ಎದೆಬಟ್ಟೆ ಹೊಲಿಯುತ್ತಿದ್ದೆವು. ತಿಥಿ ಹತ್ತಿರ ಬಂದಿತ್ತು. ಅಜ್ಜಿಯ ಮಡಿಲಲ್ಲಿದ್ದದ್ದು ಹನ್ನೊಂದನೆಯವನದೇ. ಅವಳು ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಕೊರಳ ಬಟ್ಟೆಗೆ ಚುಚ್ಚಿಕೊಂಡು, ಅರ್ಧ ಹೊಲಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟಳು.

“ಹಾಗಾದ್ರೆ ನಮ್ಮ ತೊಕುಜಿಯದೂ ಬೇಡ, ಗುಡಿಯಮ್ಮ,” ಅಂದಳು. ಎದ್ದು ಹೋದಳು.

ಇದು ಅರ್ಥವಾಗಬೇಕಾದರೆ ಹಿಂದಿನದನ್ನು ಸ್ವಲ್ಪ ಹೇಳಬೇಕು.

ಯುದ್ಧದ ಕೊನೆಯ ವರ್ಷ, ಮಾರ್ಚ್ ತಿಂಗಳಲ್ಲಿ, ಬಾಂಬು ಹಾಕಿ ಹಿಂದಿರುಗುತ್ತಿದ್ದ ಅಮೆರಿಕದ ದೊಡ್ಡ ವಿಮಾನವೊಂದು ನಮ್ಮ ಶಿರಾಒ ಬೆಟ್ಟದ ಹಿಮದ ಮೇಲೆ ಬಿತ್ತು. ನಾನಿನ್ನೂ ಈ ಊರಿಗೆ ಸೊಸೆಯಾಗಿ ಬಂದಿರಲಿಲ್ಲ. ಆಗ ಗುಡಿಯಲ್ಲಿದ್ದವರು ನನ್ನ ಮಾವನವರು. ಊರಿನವರು ಹತ್ತು ದೇಹಗಳನ್ನು ಕೆಳಗೆ ತಂದರು. ಹನ್ನೊಂದನೆಯದು ಸಿಗಲಿಲ್ಲ; ಸಿಕ್ಕಿದ್ದು ಒಂದು ಜೊತೆ ಬೂಟು. ಒಳಗೆ ತುಪ್ಪಳ ಹಾಕಿದ ದೊಡ್ಡ ಬೂಟುಗಳು, ಒಂದು ದೇವದಾರು ಮರದ ಬುಡದಲ್ಲಿ, ಒಂದರ ಪಕ್ಕ ಒಂದು, ಮೂತಿ ಕಣಿವೆಯ ಕಡೆಗೆ, ಹೊಸಿಲಲ್ಲಿ ಇಟ್ಟ ಹಾಗೆ ನೆಟ್ಟಗೆ ಇದ್ದವಂತೆ. ನೋಡಿದವರು ಕೈಮುಗಿದರು. ಈ ಲೋಕ ಬಿಟ್ಟು ಹೋಗುವವನು ತಾನೇ ಪಾದರಕ್ಷೆ ಕಳಚಿ ಹಾಗೆ ಇಟ್ಟು ಹೋಗುತ್ತಾನೆ. ಹಿಮದ ಮೇಲೆ ಬರಿಗಾಲಲ್ಲಿ ನಡೆದು ಹೋಗಿಬಿಟ್ಟಿದ್ದಾನೆ ಪಾಪ, ಅಂದರು. ಬೂಟಿನ ಒಳಗೆ ಶಾಯಿಯಲ್ಲಿ ಹೆಸರಿತ್ತು. ಎಲ್ಮರ್ ಹೋಬ್ಸ್. ನಮ್ಮ ಬಾಯಲ್ಲಿ ಅದು ಹೋಬುಸು.

ಮಾವನವರು ಹತ್ತು ಜನರನ್ನೂ ಆ ಬೂಟುಗಳನ್ನೂ ಮಣ್ಣು ಮಾಡಿ, ದಾರಿ ತಪ್ಪಿದವರನ್ನು ಕಾಯುವ ಜಿಜೊ ವಿಗ್ರಹಗಳನ್ನು ಹನ್ನೊಂದು ಕೆತ್ತಿಸಿದರು. ಶತ್ರುವಿಗೆ ಅನ್ನ ಇಡುತ್ತಾರೆ ಎಂದು ಬೈಸಿಕೊಂಡರು. ಅಂಗಳಕ್ಕೆ ಕಲ್ಲೂ ಬಿದ್ದಿತ್ತಂತೆ. ಯುದ್ಧ ಮುಗಿದ ಮೇಲೆ ಬೈದವರ ಮನೆಯ ಹೆಂಗಸರೇ ಬಂದು ಒಂದೊಂದು ಜಿಜೊವನ್ನು ನೋಡಿಕೊಳ್ಳಲು ಒಪ್ಪಿಕೊಂಡರು. ಈ ಮನೆಗೆ ಇವನು, ಆ ಮನೆಗೆ ಅವನು. ಕಿನು ಅಜ್ಜಿ ಬೂಟಿನವನನ್ನು ಕೇಳಿ ಪಡೆದಳು. ಅವಳ ಒಬ್ಬನೇ ಮಗ ತೊಕುಜಿ ದಕ್ಷಿಣದ ಯಾವುದೋ ದ್ವೀಪದಲ್ಲಿ ಅದೇ ವರ್ಷ ತೀರಿಕೊಂಡಿದ್ದ. ಅಸ್ಥಿಯೆಂದು ಸೈನ್ಯದಿಂದ ಬಂದ ಬಿಳಿ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಒಂದು ಬೆಣಚುಕಲ್ಲು.

“ಇವನಿಗೂ ಮೈ ಇಲ್ಲ, ಅವನಿಗೂ ಮೈ ಇಲ್ಲ,” ಎಂದು ಅವಳು ಮಾವನವರಿಗೆ ಹೇಳಿದ್ದಳಂತೆ. “ನಾನು ಇಲ್ಲಿ ಇವನಿಗೆ ಅನ್ನ ಇಡ್ತೀನಿ. ಅಲ್ಲಿ ಯಾರೋ ಒಬ್ಬಳು ನಮ್ಮವನಿಗೆ ಇಡ್ಲಿ.”

ಆ ಕರಾರನ್ನು ಅವಳು ಒಂದು ದಿನವೂ ಮುರಿದದ್ದಿಲ್ಲ. ಹಿಮ ಮೊಣಕಾಲಿನವರೆಗೆ ಬಿದ್ದ ದಿನವೂ ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವಳ ಹೆಜ್ಜೆ ಅಂಗಳ ದಾಟಿರುತ್ತಿತ್ತು.

ಈ ವರ್ಷ ಹನ್ನೊಂದು ಜನಕ್ಕೂ ತೊಕುಜಿಗೂ ಮೂವತ್ತಮೂರನೆಯ ತಿಥಿ. ಸತ್ತ ವರ್ಷವನ್ನೂ ಸೇರಿಸಿ ಎಣಿಸುವುದು ನಮ್ಮ ಲೆಕ್ಕ. ಅದು ಕೊನೆಯ ತಿಥಿ. ಅದಾದ ಮೇಲೆ ಮನೆಯ ದೇವರ ಗೂಡಿನಲ್ಲಿರುವ ಹೆಸರಿನ ಹಲಗೆಯನ್ನು ತಂದು ಬೆಂಕಿಗೆ ಹಾಕುತ್ತೇವೆ. ಸತ್ತವನು ಹೆಸರು ಬಿಟ್ಟು ಹಿರಿಯರೊಳಗೆ ಕರಗುತ್ತಾನೆ. ಉಪ್ಪು ನೀರಿಗೆ ಇಳಿದ ಹಾಗೆ. ಆಮೇಲೆ ಅವನು ಯಾರ ಮಗನೂ ಅಲ್ಲ, ಎಲ್ಲರ ಅಜ್ಜ. ಕಿನು ಅಜ್ಜಿ ಇದಕ್ಕೆ ಒಪ್ಪಲು ವರ್ಷಗಟ್ಟಲೆ ತೆಗೆದುಕೊಂಡಿದ್ದಳು. ಈ ಚಳಿಗಾಲದಲ್ಲಿ ಬಂದು, “ನನಗೂ ಎಂಬತ್ತು ಹತ್ರ ಬಂತು. ಬಿಟ್ಟುಬಿಡ್ತೀನಿ ಅವನನ್ನ,” ಅಂದಿದ್ದಳು. ಹನ್ನೊಂದು ಜನರ ಜೊತೆಗೇ, ಅದೇ ಭಾನುವಾರ, ಎಂದು ಗೊತ್ತಾಗಿತ್ತು.

ಈಗ ಬೇಡ ಅಂದಳು.

ಮರುದಿನ ಬೆಳಗ್ಗೆ ಹನ್ನೊಂದನೆಯ ಜಿಜೊವಿನ ಮುಂದೆ ಅನ್ನವಿರಲಿಲ್ಲ. ನಾನು ಅವಳ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಒಲೆಯ ಬಳಿ, ಮೊದಲು ಮನೆಯ ಗಂಡಸು ಕೂರುತ್ತಿದ್ದ ಜಾಗದಲ್ಲಿ, ಒಂದು ಊಟದ ಮಣೆ. ಅದರ ಮೇಲೆ ಮುಚ್ಚಿದ ಬಟ್ಟಲಲ್ಲಿ ಅನ್ನ, ಮಿಸೊ ಸಾರು, ಮೂಲಂಗಿ ಉಪ್ಪಿನಕಾಯಿ. ಊಟದ ಕಡ್ಡಿಗಳು ಅಡ್ಡಡ್ಡ ಮಲಗಿದ್ದವು.

ಸತ್ತವನ ಅನ್ನಕ್ಕೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಮಲಗಿಸುವುದು ಬದುಕಿರುವವನಿಗೆ. ಇದು ದೂರ ಹೋದವನು ದಾರಿಯಲ್ಲಿ ಹಸಿಯದಿರಲಿ ಎಂದು ಅವನ ಜಾಗದಲ್ಲಿ ಇಡುವ ನೆರಳೂಟ. ಯುದ್ಧದ ಕಾಲದಲ್ಲಿ ಎಲ್ಲ ತಾಯಂದಿರೂ ಇಟ್ಟರು. ಬಿಳಿ ಪೆಟ್ಟಿಗೆ ಬಂದ ದಿನ ಒಬ್ಬೊಬ್ಬರಾಗಿ ನಿಲ್ಲಿಸಿದರು.

“ಬಾ ಗುಡಿಯಮ್ಮ, ಇಲ್ಲಿ ನೋಡು,” ಎಂದು ಅಜ್ಜಿ ಬಟ್ಟಲಿನ ಮುಚ್ಚಳ ತೆಗೆದು ಒಳಭಾಗವನ್ನು ನನಗೆ ತೋರಿಸಿದಳು. ಹನಿಗಳು ಸಾಲಾಗಿ ನಿಂತಿದ್ದವು. “ಹನಿ ಕಟ್ಟಿದೆ. ಹನಿ ಕಟ್ಟಿದ್ರೆ ಹೋದೋನು ಸುಖವಾಗಿದ್ದಾನೆ ಅಂತ ಅರ್ಥ.”

“ಬಿಸಿ ಅನ್ನಕ್ಕೆ ಯಾವಾಗ್ಲೂ ಹನಿ ಕಟ್ಟುತ್ತಲ್ಲಜ್ಜಿ.”

“ನೀನು ಗುಡಿಯವಳಾಗಿ ಹೀಗಂತೀಯಲ್ಲೇ.” ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಹೋದ ಐದಾರು ವರ್ಷದಿಂದ ಆ ದ್ವೀಪಗಳ ಕಾಡಿಂದ ಸತ್ತೋರು ಅಂದೋರು ಬರ್ತಾ ಇದ್ದಾರೋ ಇಲ್ವೋ? ರೇಡಿಯೋದಲ್ಲಿ ಹೇಳಿದಾಗೆಲ್ಲ ನಾನು ಕಿವಿ ಮುಚ್ಚಿಕೊಂಡೆ. ಎಲ್ಲೋ ಒಬ್ಬರು ಇಬ್ಬರು, ನಮಗ್ಯಾಕೆ ಅಂತ. ಈಗ ನಾನೇ ಅನ್ನ ಇಟ್ಟೋನು ಬರ್ತಾ ಇದ್ದಾನೆ. ಇದನ್ನ ಹೇಗೆ ಕಿವಿ ಮುಚ್ಚಿಕೊಳ್ಳಲಿ?”

ಅವಳಿಗೆ ಆಸೆ ಹುಟ್ಟಿತ್ತು; ಎಂಬತ್ತರ ಹತ್ತಿರ ಹುಟ್ಟಿದ ಆಸೆ ಹಾಲುಗಲ್ಲದ ಮಗುವಿನ ಹಾಗೆ, ಎತ್ತಿಕೊಳ್ಳಲೂ ಭಯ, ಕೆಳಗಿಡಲೂ ಭಯ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ಗಂಟೆಯ ಧೂಳು ಒರೆಸುತ್ತಿದ್ದು, “ಬದುಕಿರೋನಿಗೆ ಕೊನೇ ತಿಥಿ ಮಾಡಿದ್ರೆ ಪಾಪ. ಸತ್ತೋನಿಗೆ ಮಾಡದೆ ಹಿಡಿದಿಟ್ಟುಕೊಂಡ್ರೂ ಪಾಪ. ಯಾವುದು ಅಂತ ನನಗೆ ತಿಳೀತಾ ಇಲ್ಲ,” ಅಂದರು.

ಬುಧವಾರ ಸಂಜೆ ಊರಿನವರು ಗುಡಿಯಲ್ಲಿ ಸೇರಿದರು. ಬರುವವನನ್ನು ಎಲ್ಲಿ ಮಲಗಿಸುವುದು, ಏನು ಉಣ್ಣಿಸುವುದು ಎಂದು ಮಾತಿಗೆ ಕೂತದ್ದು. ಮಾತು ಮಾತ್ರ ಬೇರೆ ಕಡೆಗೇ ಹರಿಯಿತು.

“ಮೂವತ್ತು ವರ್ಷ ನಮ್ಮೂರ ಅನ್ನ ತಿಂದಿದ್ದಾನೆ. ಸುಮೋ ಕುಸ್ತಿಯವನ ಹಾಗೆ ಇರ್ತಾನೆ, ಎರಡು ಹಾಸಿಗೆ ಹಾಸಿ,” ಅಂದರು ಯಾರೋ.

“ಕಲ್ಲಿನ ಮೇಲಿನ ಹೆಸರನ್ನ ಉಜ್ಜಿ ತೆಗೀಬೇಕಲ್ವಾ? ತನ್ನ ಗೋರಿಗೆ ತಾನೇ ಕೈಮುಗಿಯೋ ಹಾಗೆ ಮಾಡೋದು ಮರ್ಯಾದೆ ಅಲ್ಲ.”

“ಅದಿರ್ಲಿ, ಬೂಟು ಬಿಚ್ಚಿಟ್ಟು ಹಿಮದಲ್ಲಿ ಅಮೆರಿಕದವರೆಗೂ ನಡಕೊಂಡು ಹೋದ್ನಾ ಅವನು?”

ಆಗ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಯಾಸಕು ತಲೆ ಎತ್ತಿದ. ಅವನು ಆ ಕಾಲದಲ್ಲಿ ಬೆಟ್ಟದ ಮೇಲೆ ಇದ್ದಿಲು ಸುಡುತ್ತಿದ್ದವನು. ವಿಮಾನ ಬಿದ್ದಲ್ಲಿಗೆ ಮೊದಲು ಹೋದವನು. ಮಾತು ಕಡಿಮೆ.

“ಬಿಚ್ಚಿಟ್ಟಿರಲಿಲ್ಲ,” ಅಂದ. “ಒಂದು ಇಲ್ಲಿ ಬಿದ್ದಿತ್ತು, ಇನ್ನೊಂದು ಪೊದೆಯಲ್ಲಿ ತಲೆಕೆಳಗಾಗಿ. ನಾನೇ ಎತ್ತಿ ಜೋಡಿಸಿದ್ದು.”

ಎಲ್ಲರೂ ಅವನ ಕಡೆಗೆ ತಿರುಗಿದರು.

“ಜೋಡಿಸಿದ್ದಾ? ಯಾಕೆ?” ಎಂದು ಯಜಮಾನರು ಕೇಳಿದರು.

“ಯಾಕೆ ಅಂದ್ರೆ?” ಯಾಸಕುವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಮೆಟ್ಟು ಹಾಗೆ ಚೆಲ್ಲಾಪಿಲ್ಲಿ ಬಿದ್ದಿದ್ರೆ ಬಿಟ್ಟು ಬರೋಕಾಗುತ್ತಾ? ನಿಮ್ಮ ಬಾಗಿಲಲ್ಲಿ ಬಿದ್ದಿದ್ರೆ ನೀವು ಬಿಡ್ತೀರಾ? ಮೂತಿ ಆಚೆಗೆ ಮಾಡಿ ಇಟ್ಟೆ. ಆಮೇಲೆ ಊರಿಗೆ ಓಡಿದೆ.”

“ಇಷ್ಟು ವರ್ಷ ಇದನ್ನ ಹೇಳಬಾರದಿತ್ತೇನಯ್ಯಾ?”

“ಯಾರು ಕೇಳಿದ್ರು? ಮೆಟ್ಟು ನೆಟ್ಟಗಿಟ್ಟಿದ್ದನ್ನೂ ಊರೆಲ್ಲ ಸಾರಬೇಕಾ?”

ಅವನು ಹೇಳಿದ್ದು ನಿಜ. ಆ ಸಭೆಗೆ ಬಂದವರು ಒಬ್ಬರೂ ಹೊಸಿಲಲ್ಲಿ ತಮ್ಮ ಚಪ್ಪಲಿಯ ಜೊತೆಗೆ ಪಕ್ಕದವರದ್ದನ್ನೂ ತಿರುಗಿಸಿಡದೆ ಒಳಗೆ ಬಂದಿರಲಿಲ್ಲ. ಆ ಕೈಯ ಚಾಳಿಯನ್ನು ನಾವು ಒಬ್ಬ ಮನುಷ್ಯನ ಸಾವು ಎಂದು ಓದಿಬಿಟ್ಟಿದ್ದೆವು.

“ಖಾಲಿ ಬೂಟು,” ಎಂದು ಯಾಸಕು ಚಹಾದ ಬಟ್ಟಲನ್ನು ಕೆಳಗಿಟ್ಟ. “ಸುತ್ತ ಕಾಲಿನ ಗುರುತೂ ಇರಲಿಲ್ಲ.”

ಅಂದರೆ ಹನ್ನೊಂದನೆಯವನು ಇರಲೇ ಇಲ್ಲ. ಹತ್ತು ಜನ ಬಂದರು, ಹತ್ತು ಜನ ಸತ್ತರು, ಒಂದು ಜೊತೆ ಹೆಚ್ಚಿನ ಬೂಟು ವಿಮಾನದಲ್ಲಿತ್ತು. ಎಲ್ಲರ ಕಣ್ಣೂ ಕಿನು ಅಜ್ಜಿಯ ಕಡೆಗೆ ಹೋಯಿತು. ಕಂಬಕ್ಕೆ ಒರಗಿ ಕೂತಿದ್ದ ಅವಳ ಮುಖದಲ್ಲಿ ಎರಡು ಬೆಳಕು ಒಟ್ಟಿಗೆ ಆಡುತ್ತಿದ್ದವು. ಒಂದು ಕಡೆ, ಸತ್ತರೆಂದು ಬರೆದಿಟ್ಟದ್ದು ಇಷ್ಟು ಸುಳ್ಳಾಗಬಹುದಾದರೆ ತೊಕುಜಿಯದೂ ಸುಳ್ಳಾಗಬಹುದು. ಇನ್ನೊಂದು ಕಡೆ, ಅವಳು ಇಷ್ಟು ವರ್ಷ ಅನ್ನವಿಟ್ಟದ್ದು ಯಾರಿಗೂ ಅಲ್ಲ, ಬೂಟಿಗೆ. ಆ ಕರಾರಿಗೆ ಈ ತುದಿಯಲ್ಲಿ ಯಾರೂ ಇರಲಿಲ್ಲ ಎಂದಮೇಲೆ ಆ ತುದಿಯಲ್ಲಿ ಯಾರಿದ್ದಾರು?

“ನಾನು ಹೋಗ್ತೀನಿ. ಒಲೆ ಮೇಲೆ ಅನ್ನ ಇದೆ,” ಎಂದು ಅವಳು ಎದ್ದಳು.

ಗುರುವಾರ ಬಸ್ಸಿನಿಂದ ಇಳಿದವನು ಸುಮೋ ಕುಸ್ತಿಯವನ ಹಾಗಿರಲಿಲ್ಲ. ಬಿದಿರು ಗಳದ ಹಾಗೆ ಉದ್ದಕ್ಕೆ, ತೆಳ್ಳಗೆ ಇದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಸ್ ನಿಲ್ದಾಣದಲ್ಲಿ ಊರೆಲ್ಲ ನಿಂತಿತ್ತು. ಬದುಕಿರುವವನಿಗೆ ಬಗ್ಗುವಷ್ಟು ಬಗ್ಗಬೇಕೋ, ಸತ್ತವನಿಗೆ ಬಗ್ಗುವಷ್ಟು ಬಗ್ಗಬೇಕೋ ತಿಳಿಯದೆ ಕೆಲವರು ಎರಡು ಸಲ ಬಗ್ಗಿದರು. ಅವನೂ ಪ್ರತಿಯೊಬ್ಬರಿಗೆ ಎರಡೆರಡು ಸಲ ಬಗ್ಗಿದ.

ಗುಡಿಯ ಹೊಸಿಲಲ್ಲಿ ಅವನು ಷೂ ಕಳಚಿದ. ಒಂದು ಪಕ್ಕಕ್ಕೆ ಮಗುಚಿತು, ಇನ್ನೊಂದು ಮೂತಿ ಒಳಗೆ ಮಾಡಿ ನಿಂತಿತು. ಅವನು ಒಳಗೆ ಬಂದ. ಹಿಂದೆ ಬರುತ್ತಿದ್ದ ಯಾಸಕು ಯೋಚನೆಯಿಲ್ಲದೆ ಬಗ್ಗಿ ಎರಡನ್ನೂ ಜೋಡಿಸಿ ಆಚೆಗೆ ತಿರುಗಿಸಿದ. ತಲೆ ಎತ್ತಿದಾಗ ನಾವೆಲ್ಲ ಅವನನ್ನೇ ನೋಡುತ್ತಿದ್ದೆವು. ಯಾಸಕುವಿನ ಕಿವಿ ಕೆಂಪಾಯಿತು.

ನಾನು ಚಹಾ ಕೊಟ್ಟೆ. ಕಿನು ಅಜ್ಜಿ ಅವನ ಎದುರಿಗೇ ಬಂದು ಕೂತಳು. ಮದುವೆಗೆ ಗಂಡು ನೋಡುವವರ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದಳು.

“ಕೇಳು ಇವನನ್ನ,” ಎಂದು ಚಿಜುರುವಿಗೆ ಹೇಳಿದಳು. “ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ತಿನ್ನದೇ ಹೊಟ್ಟೆ ತುಂಬಿದ ಹಾಗೆ ಆಗಿತ್ತಾ ಅಂತ ಕೇಳು.”

ಚಿಜುರು ತೊದಲುತ್ತ ಕೇಳಿದಳು. ಅವನು ಮತ್ತೆ ಕೇಳಿಸಿಕೊಂಡ. ಪ್ರಾಮಾಣಿಕ ಮನುಷ್ಯ, ಕಣ್ಣು ಮುಚ್ಚಿ ಯೋಚಿಸಿದ.

“ಇಲ್ಲವಂತೆ, ಅಜ್ಜಿ. ಯಾವಾಗ್ಲೂ ಹಸಿವೇ ಅಂತೆ. ಹೆಂಡತಿ ಬೈತಾರಂತೆ.”

“ಹಾಗಾದ್ರೆ ಇವನಿಗೆ ಹೋಗಿಲ್ಲ,” ಎಂದು ಅಜ್ಜಿ ತನ್ನಷ್ಟಕ್ಕೆ ಅಂದುಕೊಂಡಳು.

ಯಜಮಾನರು ಬೂಟಿನ ವಿಷಯ ಎತ್ತಿದರು. ವಿಮಾನದಲ್ಲಿ ಹತ್ತೇ ಜನ ಬಂದಿದ್ದರೇ, ಬೂಟು ಹೇಗೆ ಬಂತು, ಎಂದು. ಚಿಜುರು ಅದನ್ನು ಹೇಳುತ್ತಿದ್ದ ಹಾಗೆ ಅವನ ಮುಖ ಬದಲಾಯಿತು. ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಒಂದೊಂದೇ ಮಾತು ನಿಲ್ಲಿಸಿ ಹೇಳಿದ. ಚಿಜುರುವೂ ಒಂದೊಂದಾಗಿ ನಮಗೆ ಕೊಟ್ಟಳು.

“ಆ ದಿನ ಅವರಿಗೆ ಜ್ವರ. ವಿಮಾನ ಹೊರಟಿದ್ದ ದ್ವೀಪದ ಆಸ್ಪತ್ರೆ ಡೇರೆಯಲ್ಲಿ ಮಲಗಿದ್ರಂತೆ... ಅವರ ಬದಲಿಗೆ ಒಬ್ಬ ಹುಡುಗನನ್ನ ಹತ್ತಿಸಿದ್ರು. ಆ ವಾರವೇ ಬಂದೋನು... ಅವನಿಗೆ ಇನ್ನೂ ಬೆಚ್ಚನೆ ಬೂಟು ಕೊಟ್ಟಿರಲಿಲ್ಲ. ಡೇರೆಗೆ ಬಂದು ಕೇಳಿದ. ಇವರು ಮಂಚದ ಕೆಳಗಿದೆ, ತಗೋ ಅಂದ್ರು. ಅವನಿಗೆ ದೊಡ್ಡದಾಯ್ತು. ಎರಡು ಜೊತೆ ಕಾಲುಚೀಲ ಹಾಕ್ಕೊಂಡು, ಹೆಜ್ಜೆ ಹಾಕಿ ತೋರಿಸಿ, ನಕ್ಕು ಹೋದ... ಅಷ್ಟೇ.”

“ಅಂದ್ರೆ ಹನ್ನೊಂದು ಜನ ಇದ್ರು,” ಅಂದರು ಯಜಮಾನರು.

“ಹೌದಂತೆ. ಹನ್ನೊಂದು.”

“ಸಡಿಲ ಬೂಟು,” ಅಂದ ಯಾಸಕು. “ಅದಕ್ಕೇ ಕಾಲಿಂದ ಜಾರಿದೆ.” “ಬಾಲದ ಭಾಗ ಮುರಿದು ತೊರೆಗೆ ಬಿದ್ದಿತ್ತು. ಆ ವರ್ಷ ಹಿಮ ಕರಗಿದಾಗ ತೊರೆ ಎಲ್ಲವನ್ನೂ ಎಳಕೊಂಡು ಹೋಯ್ತು,” ಅಂದ.

ಇಲ್ಲದವನು ಇದ್ದ, ಇದ್ದವನು ಇವನಲ್ಲ. ನಾವು ತಪ್ಪು ತಿಳಿದು ಮಾಡಿದ್ದೇ ಸರಿಯಾಗಿತ್ತು, ಸರಿ ತಿಳಿದ ಮೇಲೆ ಬುಧವಾರ ಆಡಿದ್ದೆಲ್ಲ ತಪ್ಪಾಗಿತ್ತು.

ಯಜಮಾನರು ಮುಂದಕ್ಕೆ ಬಾಗಿ, “ಆ ಹುಡುಗನ ಹೆಸರು ಕೇಳಮ್ಮ. ಬರ್ಕೋತೀನಿ,” ಅಂದರು.

ಚಿಜುರು ಕೇಳಿದಳು. ಹೋಬುಸು ಅವಳನ್ನೂ ಯಜಮಾನರನ್ನೂ ಬದಲಿಸಿ ಬದಲಿಸಿ ನೋಡಿದ. ಆಮೇಲೆ ಏನೋ ಹೇಳಿದ.

“ಅವರು ಬಂದಿದ್ದೇ ಅದನ್ನ ಕೇಳೋಕಂತೆ,” ಅಂದಳು ಚಿಜುರು. “ಒಬ್ಬೊಬ್ಬರಿಗೂ ಕಲ್ಲು ಇಟ್ಟಿದ್ದೀರಿ, ಎತ್ತಿ ಮಣ್ಣು ಮಾಡಿದ್ದೀರಿ, ಅವನು ಯಾರು ಅಂತ ನಿಮಗೆ ಗೊತ್ತಿರುತ್ತೆ ಅಂದ್ಕೊಂಡ್ರಂತೆ. ಆ ವಾರ ಹೊಸಬರು ಮೂರು ಜನ ಬಂದಿದ್ರು. ಮೂರು ಜನವೂ ಬೇರೆ ಬೇರೆ ವಿಮಾನದಲ್ಲಿ ಹೋಗಿ ವಾಪಸ್ ಬರಲಿಲ್ಲ. ಯಾರು ಯಾವುದರಲ್ಲಿ ಹೋದ್ರು ಅಂತ ಹೇಳೋಕೆ ಅಲ್ಲೂ ಯಾರೂ ಉಳಿದಿಲ್ಲ. ಮೂರು ಹೆಸರು ಇವರಿಗೆ ಬಾಯಿಪಾಠ. ಅದರಲ್ಲಿ ಬೂಟು ತಗೊಂಡೋನು ಯಾವನು ಅಂತ ಗೊತ್ತಿಲ್ಲ. ಜ್ವರದಲ್ಲಿ ಕೇಳಲಿಲ್ಲವಂತೆ.”

ಇಷ್ಟು ದೂರದಿಂದ ಅವನು ನಮ್ಮನ್ನು ಕೇಳಲು ಬಂದ. ನಾವು ಅವನನ್ನು ಕೇಳಲು ಕಾದು ಕೂತಿದ್ದೆವು. ಇಬ್ಬರ ಕೈಯೂ ಬರಿದು.

ಕಿನು ಅಜ್ಜಿ ಚಿಜುರುವಿನ ತೋಳು ಮುಟ್ಟಿದಳು. “ಬೂಟಿನೊಳಗೆ ಒಬ್ಬ ಇದ್ದ. ಅಲ್ವಾ?”

“ಇದ್ದ, ಅಜ್ಜಿ.”

“ಅವನ ತಾಯಿಗೆ ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ.”

“ಗೊತ್ತಿರಲಿಕ್ಕಿಲ್ಲ.”

ಅಜ್ಜಿ ಎದ್ದು ಹೋದಳು. ಶುಕ್ರವಾರ, ಶನಿವಾರ ಅವಳನ್ನು ನಾವು ಕಾಣಲಿಲ್ಲ. ಹನ್ನೊಂದನೆಯ ಜಿಜೊವಿನ ಮುಂದೆ ಮತ್ತೆ ಅನ್ನ ಬಂತು, ಕಡ್ಡಿ ನೆಟ್ಟಗಿತ್ತು. ಆದರೆ ಶನಿವಾರ ನಾನು ಅವಳ ಬೇಲಿಯ ಪಕ್ಕ ಹೋಗುವಾಗ ಒಲೆಯ ಬಳಿ ಆ ಊಟದ ಮಣೆಯೂ ಇತ್ತು. ಅಲ್ಲಿ ಕಡ್ಡಿ ಮಲಗಿತ್ತು. ನಾನು ಕರೆಯದೆ ಮುಂದೆ ನಡೆದೆ. ಹೋಬುಸು ಆ ಎರಡು ದಿನ ಯಾಸಕುವಿನ ಹಿಂದೆ ಬೆಟ್ಟ ಹತ್ತಿದ, ಇಳಿದ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಯಾಸಕುವಿಗೆ ಅದು ಬಹಳ ಹಿತವಾಗಿತ್ತು ಎಂದು ಕಾಣುತ್ತದೆ.

ಭಾನುವಾರ ಬಿಸಿಲು ಬಂದಿತ್ತು. ಇನ್ನೂ ಕರಗದ ಹಿಮ ಜಿಜೊಗಳ ಬೆನ್ನ ಹಿಂದೆ ಅಲ್ಲಲ್ಲಿ ಉಳಿದಿತ್ತು. ಯಜಮಾನರು ಒಳ್ಳೆಯ ಕಾವಿ ಉಟ್ಟರು. ಯಾಸಕು ದೇವದಾರಿನ ಹಸಿ ಕೊಂಬೆಗಳನ್ನು ಕಡಿದು ತಂದಿದ್ದ. ಕೊನೆಯ ತಿಥಿಗೆ ಅದು ಬೇಕು: ತುದಿಯ ಎಲೆ ಹಾಗೆಯೇ ಬಿಟ್ಟು, ಕೆಳಗೆ ಒಂದು ಕಡೆ ತೊಗಟೆ ಹೆರೆದು, ಅಲ್ಲಿ ಸತ್ತವನ ಹೆಸರು ಬರೆದು ನೆಲಕ್ಕೆ ನೆಡುತ್ತೇವೆ. ಹತ್ತು ಕೊಂಬೆಗಳಿಗೆ ಯಜಮಾನರು ಹೆಸರು ಬರೆದು ಮುಗಿಸಿದ್ದರು. ಹನ್ನೊಂದನೆಯದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಂಚ ಅದ್ದಿದರು. ಎತ್ತಿದರು. ಮತ್ತೆ ಅದ್ದಿದರು.

ಹನ್ನೆರಡನೆಯದೊಂದು ಕೊಂಬೆ ಗೋಡೆಗೆ ಒರಗಿತ್ತು. ಯಾಸಕು ಯಾರನ್ನೂ ಕೇಳದೆ ಅದನ್ನೂ ತಂದಿದ್ದ. ಕಿನು ಅಜ್ಜಿ ಎಲ್ಲರಿಗಿಂತ ಹಿಂದೆ ಕೂತಿದ್ದಳು. ಮಡಿಲಲ್ಲಿ ಬಟ್ಟೆ ಸುತ್ತಿದ ಒಂದು ಸಣ್ಣ ಗಂಟು. ಒಳಗಿರುವುದು ಹಲಗೆ ಎಂದು ಆಕಾರದಿಂದಲೇ ಗೊತ್ತಾಗುತ್ತಿತ್ತು. ಕೊಡಲು ತಂದಳೋ, ಕೊಡದಿರಲು ತಂದಳೋ ನನಗೆ ಗೊತ್ತಾಗಲಿಲ್ಲ.

“ಮೂರು ಹೆಸರನ್ನೂ ಬರೆದುಬಿಡಿ ಗುರುಗಳೇ,” ಅಂದರು ಯಾರೋ.

“ಒಬ್ಬನಿಗೆ ಮೂರು ಹೆಸರು ಬರೆದ್ರೆ ಇಬ್ಬರಿಗೆ ಸುಳ್ಳು ಬರೆದ ಹಾಗೆ.”

“ಹೋಬುಸು ಅಂತಲೇ ಬರೀರಿ, ಅಭ್ಯಾಸ ಆಗಿದೆ.”

“ಅವರು ಇಲ್ಲೇ ಕೂತಿದ್ದಾರಲ್ಲಯ್ಯಾ.”

ಕೂತಿದ್ದವನು ತನ್ನ ಹೆಸರು ಕೇಳಿ ಎಲ್ಲರಿಗೂ ಬಗ್ಗಿದ.

ಯಜಮಾನರು ಕುಂಚವನ್ನು ಕೆಳಗಿಟ್ಟರು. ದಾರಿ ತಡವಿಕೊಂಡು ನಡೆಯುವವರ ಹಾಗೆ ಹೇಳಿದರು: “ಇವತ್ತು ನಾವು ಮಾಡ್ತಾ ಇರೋದೇ ಹೆಸರು ಕಳಚೋ ಕೆಲಸ. ಉಳಿದ ತಿಥಿಗಳಿಗೆಲ್ಲ ಹೆಸರು ಬೇಕು. ಇದೊಂದಕ್ಕೆ... ಬೇಕಾ? ನಾಳೆಯಿಂದ ಇರದ ಹೆಸರನ್ನ ಇವತ್ತು ಯಾಕೆ ಹುಡುಕ್ತಾ ಇದ್ದೀನಿ ನಾನು? ಖಾಲಿ ಬಿಡ್ತೀನಿ. ತಪ್ಪಾಗಿದ್ರೆ ಬುದ್ಧ ನೋಡ್ಕೊಳ್ಳಲಿ.”

ಹಿಂದಿನಿಂದ ಕಿನು ಅಜ್ಜಿಯ ದನಿ ಬಂತು. “ಗುರುಗಳೇ, ಒಂದು ಕೇಳ್ತೀನಿ. ಆ ಹುಡುಗನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆದ್ರೂ ನಾನಿಟ್ಟ ಅನ್ನ ಅವನಿಗೆ ಹೋಯ್ತಾ?”

“ಇವರಿಗೆ ಹೋಗಿಲ್ಲ ಅಂತ ಇವರೇ ಹೇಳಿದ್ರಲ್ಲ,” ಎಂದು ಯಜಮಾನರು ಹೋಬುಸುವನ್ನು ತೋರಿಸಿದರು. “ಮತ್ತೆ ಎಲ್ಲಿಗೆ ಹೋಗಿರುತ್ತೆ? ಅವನಿಗೇ ಹೋಗಿರಬೇಕು.”

“ಬೇರೆಯವನು ಅಂತ ತಿಳ್ಕೊಂಡು ಇಟ್ರೂನೂ?”

“ಬೇರೆಯವನು ಅಂತ ತಿಳ್ಕೊಂಡು ಇಟ್ರೂನೂ.”

ಅಜ್ಜಿ ಎದ್ದು ಮುಂದೆ ಬಂದಳು. ಗಂಟನ್ನು ಯಜಮಾನರ ಮುಂದೆ ಇಟ್ಟಳು. ಬಿಚ್ಚಲಿಲ್ಲ, ಮೇಲೆ ಕೈಯಿಟ್ಟುಕೊಂಡೇ ಕೂತಳು.

“ನಾನು ಹೆಸರು ಹಿಡಕೊಂಡಿದ್ರೆ, ತೊಕುಜಿ ಅಂತ ಇಟ್ಟ ಅನ್ನ ಮಾತ್ರ ಅವನಿಗೆ. ಹಾಗಂತ ಇಡೋಳು ನಾನೊಬ್ಬಳೇ. ನಾಳೆ ನಾನು ಹೋದ್ರೆ ಅದೂ ಇಲ್ಲ. ಹೆಸರು ಬಿಟ್ರೆ ಯಾರು ಯಾರಿಗೋ ಅಂತ ಇಟ್ಟಿದ್ದೂ ಅವನಿಗೆ ಸಿಗಬಹುದು. ಸಿಗಬಹುದು ಅಂತ ಕಾಣುತ್ತೆ. ನನಗೇನು ಗೊತ್ತು.”

ಯಜಮಾನರು ಮೆಲ್ಲಗೆ, “ಬದುಕಿದ್ರೆ, ಅಜ್ಜಿ?” ಅಂದರು. ಅದನ್ನು ಕೇಳದೆ ಅವರಿಂದ ಆ ಹಲಗೆಯನ್ನು ಮುಟ್ಟಲು ಆಗುತ್ತಿರಲಿಲ್ಲ.

“ಬದುಕಿದ್ರೆ ಬಸ್ಸಿಗೆ ಬರ್ತಾನೆ. ಬಸ್ಸಿನವನು ಹಲಗೆ ಕೇಳ್ತಾನಾ?” ಅವಳು ಹೋಬುಸುವಿನ ಕಡೆಗೆ ಗಲ್ಲ ಎತ್ತಿದಳು. “ಇವನನ್ನ ಸತ್ತೋನು ಅಂತ ಇಷ್ಟು ವರ್ಷ ಪೂಜೆ ಮಾಡಿದ್ವಿ. ಏನಾಯ್ತು ಇವನಿಗೆ? ಗುಂಡುಕಲ್ಲಿನ ಹಾಗಿದ್ದಾನೆ.”

ಚಿಜುರು ಇದನ್ನು ಹೇಗೆ ಹೇಳಿದಳೋ ಏನೋ, ಹೋಬುಸು ತನ್ನ ತೆಳ್ಳನೆ ಹೊಟ್ಟೆಯನ್ನು ನೋಡಿಕೊಂಡ. ಯಾರೋ ನಕ್ಕರು. ಅಜ್ಜಿಯೂ ನಕ್ಕಳು, ಆಮೇಲೆ ನಗುತ್ತಲೇ ಕಣ್ಣು ಒರೆಸಿಕೊಂಡು ಗಂಟಿನಿಂದ ಕೈ ತೆಗೆದಳು.

“ನಮ್ಮವನ ಕೊಂಬೆಗೂ ಏನೂ ಬರೀಬೇಡಿ. ಆ ಹುಡುಗನದು ಒಂದೇ ಖಾಲಿ ಇದ್ರೆ ಅವನಿಗೆ ಒಂಥರಾ ಆಗುತ್ತೆ.”

ಮಂತ್ರ ಮುಗಿಯಿತು. ಹಲಗೆ ಬೆಂಕಿಯಲ್ಲಿ ಬೇಗ ಹತ್ತಲಿಲ್ಲ. ಅರಗು ಬಳಿದ ಮರ, ಮೊದಲು ಹೊಗೆಯಾಡಿತು, ಆಮೇಲೆ ಒಮ್ಮೆಲೇ ಹೊತ್ತಿಕೊಂಡಿತು. ಹೋಬುಸು ತನ್ನ ಹೆಸರಿರುವ ಕಲ್ಲಿನ ಮುಂದೆ ಊದುಬತ್ತಿ ಹಿಡಿದು ಎಲ್ಲಿಗೆ ಚುಚ್ಚಬೇಕೆಂದು ತಿಳಿಯದೆ ನಿಂತಿದ್ದ. ಕಲ್ಲನ್ನು ಬದಲಿಸಬೇಕೇ ಎಂದು ಯಜಮಾನರು ಕೇಳಿಸಿದರು. ಅವನು ಬೇಡವೆಂದು ತಲೆಯಾಡಿಸಿದ. “ಇರ್ಲಿ ಬಿಡಿ,” ಅಂದಳು ಅಜ್ಜಿ. “ಕೆಳಗಿರೋ ಬೂಟು ಇವನದೇ ತಾನೆ? ಬೂಟಿನ ಹೆಸರು ಅಂತ ಇರ್ಲಿ.”

ಯಾಸಕು ಕೊಂಬೆಗಳನ್ನೆಲ್ಲ ಜಿಜೊಗಳ ಹಿಂದೆ ಸಾಲಾಗಿ ನೆಟ್ಟ. ಹತ್ತರ ಮೇಲೆ ಹೆಸರು, ಕೊನೆಯ ಎರಡು ಬರಿದು. ಊರಿನವರು ಊಟಕ್ಕೆ ಎದ್ದರು. ನಾನು ನೀರಿನ ಬಿಂದಿಗೆ, ಸೌಟು ತಂದಾಗ ಅಜ್ಜಿ ಆ ಎರಡು ಕೊಂಬೆಗಳ ಮುಂದೆ ನಿಂತು ಒಂದರಿಂದ ಇನ್ನೊಂದಕ್ಕೆ ಕಣ್ಣಾಡಿಸುತ್ತಿದ್ದಳು.

“ಯಾಸಕು, ಇದರಲ್ಲಿ ನಮ್ಮದು ಯಾವುದೋ?”

ಯಾಸಕು ಕೈಯ ಮಣ್ಣು ಕೊಡವುತ್ತ ಬಂದ. ನೋಡಿದ. “ಎರಡೂ ಒಂದೇ ಮರದ್ದು,” ಅಂದ.

“ಅದನ್ನ ಕೇಳಲಿಲ್ಲ ನಾನು.”

“ನೆಡುವಾಗ ನೋಡಲಿಲ್ಲ ಅಜ್ಜಿ.”

ಯಜಮಾನರೂ ಬಂದು ನೋಡಿದರು. ಚಿಜುರು ಹೋಬುಸುವಿಗೆ ವಿಷಯ ಹೇಳಿದಳು. ಅವನೂ ಉದ್ದ ಮೈಯನ್ನು ಬಗ್ಗಿಸಿ ಎರಡನ್ನೂ ಹತ್ತಿರದಿಂದ ನೋಡಿದ. ಎಲೆ ಒಂದೇ ಥರ, ಹೆರೆದ ತೊಗಟೆ ಒಂದೇ ಥರ. ಯಾರಿಗೂ ಹೊಳೆಯಲಿಲ್ಲ. ಅಜ್ಜಿ ನನ್ನ ಕೈಯಿಂದ ಸೌಟು ತೆಗೆದುಕೊಂಡು ಒಂದಕ್ಕೆ ನೀರು ಹಾಕಿದಳು. ಅನುಮಾನವಾಯಿತೇನೋ, ನಿಂತಳು. ಆಮೇಲೆ ಸೌಟನ್ನು ಹೋಬುಸುವಿನ ಕೈಗೆ ಕೊಟ್ಟು, “ಅದಕ್ಕೆ ನೀನು ಹಾಕಪ್ಪ,” ಎಂದಳು.

ಅವನಿಗೆ ಯಾವುದಕ್ಕೆ ಎಂದು ತಿಳಿಯಲಿಲ್ಲ. ಎರಡಕ್ಕೂ ಹಾಕಿದ.